ಚಹಾ ಚೆಲ್ಲಿದ ಎಂಜಿನ್

ಚಹಾ ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂದರೆ ಈಗಲೂ ನನಗೆ ಮುಂಬಯಿ ಹತ್ತಿರದ ಉಲ್ಹಾಸನಗರದ ಆ ಗ್ಯಾರೇಜು ನೆನಪಾಗುತ್ತದೆ.

ಅಜ್ಜ ಅಮ್ಮನಿಗೆ ಡ್ರೈವಿಂಗ್ ಕಲಿಸಿದ್ದ ಹಳೇ ಕಾರಿಗೆ ಬೇರೆ ಎಂಜಿನ್ ಹಾಕಿಸಬೇಕಿತ್ತು. ವಾರವಿಡೀ ಅದು ವಾಶಿ ಮಾರ್ಕೆಟ್ಟಿನಿಂದ ಡೊಂಬಿವಲಿಯ ನಮ್ಮ ಹೋಟೆಲಿಗೆ ತರಕಾರಿ ಹೊರಬೇಕು, ಭಾನುವಾರ ಕಾರ್ ರೇಸಿನಲ್ಲೂ ಓಡಬೇಕು ಎಂಬುದು ಅಪ್ಪನ ಆಸೆ. ಗ್ಯಾರೇಜಿನ ಮಿಸ್ತ್ರಿ ಎರಡು ಎಂಜಿನ್‌ಗಳನ್ನು ಸ್ಟ್ಯಾಂಡಿಗೇರಿಸಿದ್ದ: ಮೊದಲನೆಯದು ಮಾಮೂಲಿ, ಎರಡನೆಯದು ರೇಸಿನದು.

“ಮೇಲೊಂದು ಗ್ಲಾಸ್ ಚಹಾ ಇಟ್ಟು ಶುರು ಮಾಡು ಮಾರಾಯ,” ಎಂದರು ಅಪ್ಪ. ಹೋಟೆಲಿಗೆ ಗ್ರೈಂಡರ್ ಕೊಳ್ಳುವಾಗಲೂ ಅವರ ಪರೀಕ್ಷೆ ಅದೇ.

ಮೊದಲನೆಯದರ ಮೇಲೆ ಗ್ಲಾಸು ಅಲುಗಲೇ ಇಲ್ಲ. ಎರಡನೆಯದು ಗುಡುಗಿದ್ದೇ ತಡ, ನೆಲದ ನಡುಕ ನನ್ನ ಚಪ್ಪಲಿಯೊಳಗೆ ಬಂತು. ಗ್ಲಾಸು ಕುಣಿಕುಣಿದು ಬಿಸಿ ಕಬ್ಬಿಣದ ಮೇಲೆ ಮಗುಚಿಕೊಂಡಿತು. ಚುಂಯ್! ಚಹಾ ಪಕ್ಕದಲ್ಲಿ ನಿಂತಿದ್ದ ಅಮ್ಮನ ಸೀರೆಗೂ ಸಿಡಿಯಿತು. ನಾನು ಚಪ್ಪಾಳೆ ತಟ್ಟಿದೆ.

ಅಪ್ಪ ಅಮ್ಮನ ಮುಖ ನೋಡಿ, “ಮೊದಲನೆಯದೇ ಸಾಕು ಬಿಡು,” ಎಂದರು ಸಪ್ಪಗೆ.

ಅಮ್ಮ ಸೀರೆ ಒರೆಸಿಕೊಳ್ಳಲಿಲ್ಲ. ಗುಡುಗುತ್ತಿದ್ದ ಆ ಎಂಜಿನ್ನಿನ ಹತ್ತಿರವೇ ಹೋಗಿ ನಿಂತಳು.

“ಇದನ್ನೇ ಹಾಕ್ಸಿ. ತರಕಾರಿ ನೀವು ತನ್ನಿ. ಭಾನುವಾರ ಓಡಿಸುದು ನಾನು.”