ಪುಸ್ತಕದಲ್ಲಿ ಇಲ್ಲದ ಸೊಲ್ಲು

ಬಳ್ಳಾರಿಯ ಸಭೆಯಲ್ಲಿ ನಾನೀಗ ಹಾಡಿನ ಪುಸ್ತಕ ಮುಚ್ಚಿ, ಬಾಯಿಗೆ ಬಂದಂತೆ ದೇವರನ್ನು ಹಾಡತೊಡಗಿದರೆ, ಎಲ್ಲಿಂದಲೋ ನಾಟಿ ಗದ್ದೆಯ ಕೆಸರಿನ ವಾಸನೆ ಬರುತ್ತದೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಅವ್ವ ನಾಟಿ ಗದ್ದೆಯಿಂದ ನೇರ ಸಿರಿಗೇರಿಯ ತಗಡಿನ ಪ್ರಾರ್ಥನಾ ಮನೆಗೆ ಬಂದಿದ್ದಳು. ಅಲ್ಲಿ ಹಾಡಿಸುವವಳು ಅವಳೇ. ಯೇಸಪ್ಪನ ಹೆಸರೆತ್ತಿದರೆ ಮುಖ ತಿರುಗಿಸುವ ಅಜ್ಜಿ, ಅವ್ವನ ತಾಯಿ, ನಮ್ಮನ್ನು ಕರೆದೊಯ್ಯಲು ಹೊರಗೆ ಬೇವಿನ ಕೆಳಗೆ ಕೂತಿದ್ದಳು.

ಪುಸ್ತಕದ ತೆಲುಗು ಹಾಡು ಮುಗಿಯಿತು. ಅವ್ವ ಮಾತ್ರ ನಿಲ್ಲಲಿಲ್ಲ. ಕಣ್ಣು ಮುಚ್ಚಿ ಹೊಸದೇನೋ ಎತ್ತಿದಳು: “ಕೆಸರಗಾಲು ತೊಳದೆಲ್ಲೋ ಯೇಸಪ್ಪಾ…” ಧಾಟಿ ಮಾತ್ರ ನಾಟಿ ಹಾಡಿನದು.

ಡೋಲಕ್ ನಿಂತಿತು. ಪಾಸ್ಟರ್ ಹುಬ್ಬು ಗಂಟಿಕ್ಕಿ, “ದೇವರ ಮನ್ಯಾಗ ಗದ್ದಿ ಹಾಡೇನ್ರಿ?” ಎಂದರು.

“ತಾನಾ ಬಂತ್ರಿ, ತಡಿಯಾಕ ಆಗಲಿಲ್ಲ,” ಎಂದ ಅವ್ವ ಮತ್ತೆ ಅದೇ ಸೊಲ್ಲು ಹಾಡಿ ಕಾದಳು. ಗದ್ದೆಯಲ್ಲಾದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಇಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅವಳ ಸೆರಗಿನ ಒದ್ದೆ ಅಂಚು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರನೆಯ ಸಲ ಹಾಡುವಾಗ ಅವ್ವನ ದನಿ ಒಡೆಯಿತು. ಆಗ ಹೊರಗಿನಿಂದ, ಬೇವಿನ ಕೆಳಗಿನಿಂದ, ಒರಟು ಕಂಠವೊಂದು ಆ ಸೊಲ್ಲನ್ನು ಹಾಗೇ ಎತ್ತಿಕೊಂಡಿತು: “ತೊಳದೆಲ್ಲೋ ಯೇಸಪ್ಪಾ…” ಹಿಂದಿನ ಸಾಲಿನ ಹೆಂಗಸರೂ ಒಬ್ಬೊಬ್ಬರಾಗಿ ಸೇರಿದರು. ಪಾಸ್ಟರ್ ಕಣ್ಣು ಮುಚ್ಚಿಕೊಂಡರು.

ಮನೆ ದಾರಿಯಲ್ಲಿ ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ.

“ಏನ್ ನೋಡ್ತಿಬೇ?” ಎಂದು ಅಜ್ಜಿ ಸಿಡುಕಿದಳು. “ನಾ ಏನ್ ನಿಮ್ಮ ದೇವ್ರಿಗೆ ಹಾಡಿಲ್ಲ. ನನ್ನ ಮಗಳು ಒಬ್ಬಾಕೀನ ಹಾಡಾಕತ್ತಿದ್ಲು.”