ಎರಡೂ ಮಗ್ಗಲು ಬರೆದ ಹಾಳೆ

ಕಾಗದದಲ್ಲಿ ಕಟ್ಟಿಕೊಟ್ಟ ಭಜಿಯನ್ನು ನಾನು ಇಂದಿಗೂ ಬಾಯಿಗಿಡಲಾರೆ. ಎಣ್ಣೆ ಹೀರಿದ ಕಾಗದದ ವಾಸನೆ ಮೂಗಿಗೆ ಬಡಿದರೆ ಪೊಟ್ಟಣವನ್ನು ಪಕ್ಕದವರಿಗೆ ದಾಟಿಸಿಬಿಡುತ್ತೇನೆ.

ಆಗ ನಾವು ಸಿಂದಗಿಯಲ್ಲಿದ್ದೆವು. ಗಂಡ ತೀರಿದ ಮೇಲೆ ಹೊರ್ತಿಯಿಂದ ತವರಿಗೆ ಬಂದಿದ್ದ ನಮ್ಮ ಸೋದರತ್ತೆ ಮೂವತ್ತೈದನೆಯ ವಯಸ್ಸಿನಲ್ಲಿ ಮ್ಯಾಟ್ರಿಕ್‌ಗೆ ಓದುತ್ತಿದ್ದಳು. ಕಾಗದ ಉಳಿಸಲೆಂದು ಹಾಳೆಯ ಎರಡೂ ಮಗ್ಗಲು ನವಣೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು.

ಒಂದು ಮಧ್ಯಾಹ್ನ ದೊಡ್ಡಪ್ಪ ಗೆಳೆಯರೊಂದಿಗೆ ಪಡಸಾಲೆಯಲ್ಲಿ ಕೂತು, "ಭಜಿ ಹಾಕಾಕ ರದ್ದಿ ತಗೊಂಬಾ" ಎಂದು ನನ್ನನ್ನು ಕಳಿಸಿದ. ನಮ್ಮ ಮನೆಯಲ್ಲಿ ಎರಡೂ ಮಗ್ಗಲು ಬರೆದದ್ದೆಂದರೆ ರದ್ದಿ. ನಾನು ಅತ್ತೆಯ ಹಾಳೆಗಳನ್ನೇ ಒಯ್ದು ಕೊಟ್ಟೆ. ಮ್ಯಾಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿದ್ದ ದೊಡ್ಡಪ್ಪ ರೇಖಾಗಣಿತದ ಪ್ರಮೇಯವಿದ್ದ ಮೇಲಿನ ಸಾಲು ಓದಿ, "ಭೂಮಿತಿ!" ಎಂದು ನಕ್ಕ. ಅದರ ಮೇಲೇ ಭಜಿ ಸುರುವಿದ. ತಿಂದಾದ ಮೇಲೆ ಮೀಸೆಗೆ ಮೆತ್ತಿದ್ದ ಹಿಟ್ಟನ್ನೂ ಅದರಿಂದಲೇ ಒರೆಸಿಕೊಂಡ.

ಅತ್ತೆ ಹೊರಗೆ ಬಂದು ನೋಡಿದಳು.

"ಅಣ್ಣಾ, ನಾಡಿದ್ದ ಪರೀಕ್ಷಾ ಐತಿ."

ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಕುಸುಬಿ ಎಣ್ಣೆ ಇಳಿದು ಹಿಂದಿನ ಅಕ್ಷರಗಳು ಮುಂದಿನವುಗಳ ಮೇಲೆ ಮೂಡಿದ್ದವು. ಒಂದು ಸಾಲೂ ಓದಲು ಬರುತ್ತಿರಲಿಲ್ಲ.

"ಯಾಕ ಅಳತಿ? ಈಗ ಎರಡೂ ಮಗ್ಗಲಾ ಒಮ್ಮೆಲೆ ಓದಾಕ ಬರ್ತೈತಿ" ಎಂದ ದೊಡ್ಡಪ್ಪ. ಪಡಸಾಲೆಯೆಲ್ಲ ನಕ್ಕಿತು.

ಬಾಯಿತುಂಬ ಭಜಿ ಇಟ್ಟುಕೊಂಡು ನಾನೂ ನಕ್ಕೆ.