ಜೋಡಿ ಕಾಲುಚೀಲ

ಈಗ ಪಾದ ಆಡಿದ್ದು ತನ್ನದೇ ಬಲದಿಂದಲೋ, ಹೆಂಡತಿ ನೀಲವ್ವ ಹೊಲಿಗೆ ಯಂತ್ರ ತುಳಿದದ್ದರಿಂದಲೋ? ಮಂಚದ ಮೇಲಿದ್ದ ಗುರುಸಿದ್ದನಿಗೆ ತಿಳಿಯಲಿಲ್ಲ. ಮುರಿದ ಪಾದದ ಕೀಲಿಗೆ ಆಪರೇಷನ್ ಆದಾಗ ಅವನು ಪ್ಲಾಸ್ಟರ್ ಬೇಡವೆಂದು ಆಸ್ಪತ್ರೆಯವರಲ್ಲಿ ಜೋಡಿ ಕಾಲುಚೀಲ ಕೇಳಿದ್ದ. ಒಂದು ಅವನಿಗೆ, ಇನ್ನೊಂದು ಹೆಂಡತಿಗೆ; ಅವಳ ಪಾದ ಆಡಿದಂತೆಲ್ಲ ಅವನ ಚೀಲ ಅವನ ಪಾದವನ್ನೂ ಹಾಗೆಯೇ ಆಡಿಸುತ್ತಿತ್ತು. ಪಡಸಾಲೆಯಲ್ಲಿ ಅವಳು ಹೊಲಿಗೆ ಯಂತ್ರ ತುಳಿದರೆ ಇಲ್ಲಿ ಅವನ ಪಾದವೂ ಮೇಲೆ ಕೆಳಗೆ ಆಡುತ್ತಿತ್ತು.

"ಭಾಳ ಜೋರ್ ತುಳ್ಯಾಕತ್ತಿ. ಯಾರ ಜಂಪರ್ ಅದು?"

"ನಿಮ್ಮ ಅಕ್ಕಂದು."

ಅವನು ನಕ್ಕ. ಯಂತ್ರ ನಿಲ್ಲಿಸಿ ಅವಳು ಚಹಾ ತಂದು ಪಕ್ಕದಲ್ಲಿ ಕುಳಿತಳು.

"ಪ್ಲಾಸ್ಟರ್ ಹಾಕಿಸಿದ್ ಷಡಕ್ಷರಿ ಕಾಕಾರ ಕಾಲು ಇನ್ನೂ ಕೊರಡ ಆಗೇತಂತ. ನಿಮ್ದು ತಾನ ಆಡಿದ್ರ ಹೇಳ್ರಿ, ಕಾಲುಚೀಲ ದವಾಖಾನಿಗೆ ವಾಪಸ್ ಕೊಡೂಣು."

ಅವಳ ಪಾದ ನೆಲದ ಮೇಲೆ ಅಲುಗದೆ ಇತ್ತು. ಹೊದಿಕೆಯೊಳಗೆ ಅವನ ಪಾದ ತಾನಾಗಿಯೇ ಮೆಲ್ಲಗೆ ಮೇಲೆದ್ದಿತು.

"ಚಹಾ ಚಲೋ ಆಗೇತಿ," ಎಂದ.

ಅವಳ ಓಡಾಟವೆಲ್ಲ ತನ್ನ ಪಾದಕ್ಕೆ ತಿಳಿಯುವುದು ಅವನಿಗೆ ಇಷ್ಟವಾಗಿತ್ತು. ಅದನ್ನು ಅವನು ಎಂದೂ ಹೇಳಲಿಲ್ಲ.